ಘಾಟಿಯ ಆಚೆಯಿಂದ ಬಂದ ಹೆಪ್ಪು

ಕೊಚ್ಕೋರ್
೨೦ ನವೆಂಬರ್ ೨೦೧೧

ಪ್ರೀತಿಯ ತಂಗಿ ಕಾಲಿಚಾ,

ನೀನು, ನಿನ್ನ ಯಜಮಾನರು, ಮಕ್ಕಳು ಮೊಮ್ಮಕ್ಕಳು, ಹಟ್ಟಿಯ ಕುರಿ ಕುದುರೆ ಎಲ್ಲ ಕ್ಷೇಮ ತಾನೇ? ಇಲ್ಲಿ ನಾವೂ ಕ್ಷೇಮ. ನಿನ್ನ ಅತ್ತಿಗೆ ಉಮ್ಸುನಾಯ್‌ಗೆ ಮಂಡಿನೋವು. ಬಾಯಿಗೆ ಮಾತ್ರ ಏನೂ ನೋವಿಲ್ಲ, ದಿನವಿಡೀ ನನ್ನನ್ನು ಬೈದುಕೊಂಡು ಆರೋಗ್ಯವಾಗಿದ್ದಾಳೆ.

ಕಾಗದ ಬರೆದು ಎಷ್ಟು ಕಾಲವಾಯಿತೋ, ಲೆಕ್ಕ ಹಾಕಿದರೆ ನಾಚಿಕೆಯಾಗುತ್ತದೆ. ಅವ್ವನ ವರ್ಷದ ಊಟಕ್ಕೆ ಕರೆದು ಬರೆದದ್ದೇ ಕೊನೆ. ನೀನು ಬಂದು ಅತ್ತು, ರೊಟ್ಟಿಯ ಒಂದು ಚೂರನ್ನೂ ಬಾಯಿಗಿಡದೆ ಹೊರಟುಹೋದೆ. ಫೋನ್ ಇದೆಯಲ್ಲ ಅನ್ನಬಹುದು. ಫೋನಿನಲ್ಲಿ ನೀನು "ಚೆನ್ನಾಗಿದೀವಿ ಬಾಯ್ಕೆ, ಚೆನ್ನಾಗಿದೀವಿ" ಎಂದು ಈ ಅಣ್ಣನಿಗೆ ಎರಡು ಸಲ ಹೇಳಿ ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಅರ್ಧಕ್ಕೆ ಇಡಲು ಆಗುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಒಂದು ಸುದ್ದಿ ಇದೆ, ನಗಬೇಡ. ನಾನು ಅವ್ವನ ಹಾಗೆ ಬರಗು ಹುದುಗಿಸಿ ಬೋಜೊ ಮಾಡಲು ಶುರುಮಾಡಿದ್ದೇನೆ.

ಹೌದು, ನಾನೇ. ಮೂವತ್ತು ವರ್ಷ ದೊಲೊನ್ ಘಾಟಿಯಲ್ಲಿ ಹಿಮ ತಳ್ಳುವ ಗಾಡಿ ಓಡಿಸಿದ ಬೆಯ್ಶೆನ್, ಈಗ ಅವ್ವನ ಏಪ್ರನ್ ಕಟ್ಟಿಕೊಂಡು ಬರಗು ತೊಳೆಯುತ್ತಿದ್ದಾನೆ. ನಿವೃತ್ತಿಯ ದಿನ ರಸ್ತೆ ಇಲಾಖೆಯವರು ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಆರು ತಿಂಗಳು ಅದನ್ನೇ ನೋಡುತ್ತ ಕೂತೆ. ಕೊನೆಗೊಂದು ದಿನ ಉಮ್ಸುನಾಯ್, "ಏನಾದ್ರೂ ಒಂದು ಕೆಲ್ಸ ಹುಡುಕ್ಕೊಳ್ಳಿ, ಇಲ್ಲಾಂದ್ರೆ ಗಡಿಯಾರದ ಪಕ್ಕ ನಿಮ್ಮನ್ನೂ ಮೊಳೆ ಹೊಡೆದು ನೇತುಹಾಕ್ತೀನಿ" ಅಂದಳು. ಹಿಂದಿನ ಕೋಣೆಗೆ ಹೋದೆ. ಅವ್ವನ ಮರದ ಬಾನಿ, ಬೀಸುವ ಕಲ್ಲು, ದೊಡ್ಡ ಕಡಾಯಿ ಎಲ್ಲ ಮೂಲೆ ಸೇರಿದ್ದವು. ಆ ಬಾನಿಯ ಮುಂದೆ ಕೂತ ಗಳಿಗೆಯಿಂದ ನನಗೆ ಬೇರೆ ಹುಚ್ಚಿಲ್ಲ.

ಅವ್ವ ಯಾರಿಗೂ ಲೆಕ್ಕ ಹೇಳಿಕೊಟ್ಟವಳಲ್ಲ. ಎಷ್ಟು ಬೇಯಿಸಬೇಕು ಎಂದರೆ "ಕೈಗೆ ಗೊತ್ತಾಗುತ್ತೆ", ಎಷ್ಟು ಆರಿಸಬೇಕು ಎಂದರೆ "ಮೊಣಕೈಗೆ ಗೊತ್ತಾಗುತ್ತೆ". ನನ್ನ ಕೈಗೆ ಗೊತ್ತಿದ್ದದ್ದು ಗಾಡಿಯ ಗೇರ್ ಮಾತ್ರ. ಆದರೂ ಬಿಡಲಿಲ್ಲ. ಗೋಧಿ ನೆನೆಸಿ, ಒದ್ದೆ ಗೋಣಿಯ ಕೆಳಗೆ ಮೊಳಕೆ ಬರಿಸಿ, ಬೇರು ಬೇರು ಹೆಣೆದುಕೊಂಡು ಚಾಪೆಯಂತೆ ಎದ್ದುಬರುವಾಗ, ಹಸಿರು ತಿರುಗುವ ಮೊದಲೇ ತೆಗೆದು ಒಣಗಿಸಿದೆ. ಬರಗಿನ ನುಚ್ಚನ್ನು ಕುರಿಬಾಲದ ಕೊಬ್ಬು ಹಾಕಿ ಗಟ್ಟಿಯಾಗಿ ಬೇಯಿಸಿದೆ. ಎಂಜಿನ್ ನೀರಿನ ಬಿಸಿ ನೋಡಲು ಇಟ್ಟುಕೊಂಡಿದ್ದ ನನ್ನ ಥರ್ಮಾಮೀಟರನ್ನು ಚೆನ್ನಾಗಿ ತೊಳೆದು ಅದರಲ್ಲಿ ಅದ್ದಿ, ಅವ್ವನ ಮೊಣಕೈಯ ಬಿಸಿ ಎಷ್ಟು ಡಿಗ್ರಿ ಇದ್ದೀತೆಂದು ಅಂದಾಜು ಮಾಡಿ ಪುಸ್ತಕದಲ್ಲಿ ಬರೆದುಕೊಂಡೆ. ಮೂವತ್ತೆಂಟು! ಅವ್ವನಿಗೂ ಗೊತ್ತಿರದ ಗುಟ್ಟು ಇದು.

ಎಲ್ಲ ಇತ್ತು, ಹೆಪ್ಪು ಒಂದೇ ಇರಲಿಲ್ಲ. ಅದೂ ನನ್ನಿಂದಲೇ. ಕೇಳು.

ಅವ್ವ ಬೋಜೊ ಸೋಸುವ ಚೀಲ ನೆನಪಿದೆಯಲ್ಲ, ಬಾಗಿಲ ಹಿಂದೆ ಹುಳಿ ನಾತ ಬೀರುತ್ತ ನೇತಾಡುತ್ತಿದ್ದದ್ದು? ಯಾರಾದರೂ ತೊಳೆಯಲು ಹೋದರೆ ಸೌಟು ತೆಗೆದುಕೊಂಡು ಬರುತ್ತಿದ್ದಳು. ಅವಳು ಹೋದ ನಲವತ್ತನೆಯ ದಿನಕ್ಕೆ ಅವಳ ಬಟ್ಟೆಬರೆ ಎಲ್ಲ ಒಗೆದು ನೆಂಟರಿಗೆ ಹಂಚಿದೆವು. ಆ ಚೀಲವನ್ನು ಯಾರಿಗೂ ಕೊಡಬಾರದು, ನಾನೇ ಇಟ್ಟುಕೊಳ್ಳಬೇಕು ಅನ್ನಿಸಿತು. ಅವ್ವನ ವಸ್ತು ಕೊಳಕಾಗಿರಬಾರದು ಎಂದು ಭಕ್ತಿಯಿಂದ ಸೋಪು ಹಾಕಿ ಕುದಿಸಿದೆ. ಮೂರು ನೀರಿನಲ್ಲಿ ಜಾಲಿಸಿದೆ. ಬಿಳಿ ಮಾಡಿ, ಮಡಿಸಿ ಪೆಟ್ಟಿಗೆಯಲ್ಲಿಟ್ಟೆ. ಅವ್ವನ ಹೆಪ್ಪೆಲ್ಲ ಅದರ ಹೊಲಿಗೆಯಲ್ಲೇ ಒಣಗಿ ಕೂತಿರುತ್ತಿತ್ತು ಎಂದು ನನಗೇನು ಗೊತ್ತು? ನಲವತ್ತು ಚಳಿಗಾಲ ಬದುಕಿದ್ದನ್ನು ಒಂದು ಮಧ್ಯಾಹ್ನದಲ್ಲಿ ಬೇಯಿಸಿ ಕೊಂದೆ.

ಮೊದಲ ಸಲ ಬ್ರೆಡ್ಡಿನ ಯೀಸ್ಟ್ ಹಾಕಿದೆ. ಪಕ್ಕದ ಮನೆಯ ಶೆರ್ಗಾಜಿ, ಅವನ ನಾಲಗೆ ನಿನಗೆ ಗೊತ್ತು, ಬೇಲಿಯ ಆಚೆಯಿಂದಲೇ ನನ್ನ ಏಪ್ರನ್ ನೋಡಿ, "ಏನಮ್ಮಾ ಸೊಸೆ, ಮಾವನೋರಿಗೆ ಒಂದು ಬಟ್ಲು ತಾರಮ್ಮ" ಎಂದ. ಕೊಟ್ಟೆ. ಕುಡಿದು ಮುಖ ಕಿವುಚಿ, "ಬೋಜೊ ಅಲ್ಲ ಕಣಯ್ಯಾ ಇದು, ಬನ್ನು ನೆನೆಸಿದ ನೀರು. ನಾಯಿಗೆ ಹಾಕು, ಅದು ಒಪ್ಪಿದ್ರೆ ನಾನೂ ಒಪ್ತೀನಿ" ಎಂದ. ನಾಯಿ ಒಪ್ಪಲಿಲ್ಲ.

ಎರಡನೆಯ ಸಲ ನಮ್ಮೂರಿನ ಓರ್ಮೋನನ ಮನೆಯಿಂದ ಹೆಪ್ಪು ತಂದೆ. ಅಷ್ಟರಲ್ಲಿ ನಮ್ಮ ಜೋರೊದ ಸರದಿ ಬಂತು. ನೀನಿದ್ದಾಗಿನಂತೆ ಈಗಲೂ ಹನ್ನೆರಡು ಮನೆ, ಹಿಮ ಬಿದ್ದಮೇಲೆ ಭಾನುವಾರಕ್ಕೊಂದು ಮನೆಯಲ್ಲಿ ಕೂಟ, ಆ ಮನೆಯದೇ ಬೋಜೊ, ಆ ಮನೆಯದೇ ಮಾಂಸ, ತಪ್ಪು ಮಾಡಿದವರಿಗೆ ದಂಡ. ಈಗ ಮುಕಾಯ್ ತಾತನೇ ಮುಖ್ಯಸ್ಥ. ಮೊದಲ ಬಟ್ಟಲು ಅವರಿಗೆ. ಕುಡಿದರು, ಗಡ್ಡ ಒರೆಸಿಕೊಂಡರು. "ಚೆನ್ನಾಗದೆ. ಆದ್ರೆ ಇದು ಓರ್ಮೋನನ ಮನೆ ಬೋಜೊ. ಬಾತ್ಮಾ ಮನೆಗೆ ಬಂದು ಓರ್ಮೋನನ ಮನೇದು ಯಾಕಪ್ಪಾ ಕುಡೀಲಿ?" ಅಂದರು. ಅವ್ವನ ಹೆಸರು ಅಲ್ಲಿ ಕೇಳಿ ನನಗೆ ತಲೆ ಎತ್ತಲಾಗಲಿಲ್ಲ.

ಅಪ್ಪ ಸತ್ತಾಗ ನಮ್ಮ ಮನೆಯನ್ನು ಜೋರೊದಿಂದ ಬಿಡಬೇಕಿತ್ತು. ದೊಡ್ಡ ಗಂಡಸಿಲ್ಲದ ಮನೆಗೆ ಯಾರು ಬಂದು ಕೂರುತ್ತಾರೆ? ಆದರೂ ಬಂದರು. ವಿಧವೆಯ ಮನೆಗೆ, ನೆಂಟಸ್ತಿಕೆಗಲ್ಲ, ಕನಿಕರಕ್ಕಲ್ಲ, ಅವಳ ಬೋಜೊ ಕುಡಿಯಲು ಹನ್ನೊಂದು ಮನೆಯ ಗಂಡಸರು ಬಾಗಿಲಲ್ಲಿ ಟೋಪಿ ಸರಿಮಾಡಿಕೊಂಡು ಒಳಗೆ ಬಂದರು. ಆ ಜಾಗವನ್ನು ಈಗ ನಾನು ಕಳೆಯುವ ಹಾಗಾಗಿದೆ. ಮುಕಾಯ್ ತಾತ ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ಜನವರಿಯ ಇಪ್ಪತ್ತೆರಡು, ಕಡುಚಳಿಯ ಭಾನುವಾರ. ಆವತ್ತೂ ಅವ್ವನ ರುಚಿ ಬರದಿದ್ದರೆ ನಮ್ಮ ಸರದಿ ಬೇರೆ ಮನೆಗೆ ಹೋಗುತ್ತದೆ.

ಈಗ ಕೇಳುವುದನ್ನು ಕೇಳಿಬಿಡುತ್ತೇನೆ. ಐದು ವರ್ಷದ ಕೆಳಗೆ ನಿನ್ನ ದೊಡ್ಡ ಮಗನ ಮದುವೆಗೆ ಘಾಟಿ ದಾಟಿ ಅಟ್-ಬಾಶಿಗೆ ಬಂದಿದ್ದೆನಲ್ಲ, ನಿನ್ನ ಅಡುಗೆಮನೆಯಲ್ಲಿ ಯಾರೋ ಒಂದು ಬಟ್ಟಲು ಬೋಜೊ ಕೈಗಿಟ್ಟರು. ಒಂದು ಗುಟುಕಿಗೇ ಗೊತ್ತಾಯಿತು, ಅದು ಅವ್ವನದು. ನೀನು ಇಲ್ಲಿಂದ ಹೋಗುವಾಗ ಅವ್ವ ಕೊಟ್ಟಿದ್ದ ಜಾಡಿಯ ಹೆಪ್ಪನ್ನು ನೀನು ಸಾಯಲು ಬಿಟ್ಟಿಲ್ಲ. ಆಗ ನಾನು ಏನೂ ಹೇಳಲಿಲ್ಲ. ನೀನೂ ಹೇಳಲಿಲ್ಲ. ನಾವಿಬ್ಬರೂ ಹೇಳದೆ ಬಿಟ್ಟದ್ದು ಅದೊಂದೇ ಅಲ್ಲ.

ಸ್ವಲ್ಪ ಹೆಪ್ಪು ಕಳಿಸುತ್ತೀಯಾ? ಇಲ್ಲ ಎಂದರೂ ನನಗೆ ಕೋಪವಿಲ್ಲ. ಹಾಗೆನ್ನುವ ಹಕ್ಕು ನಿನಗಿದೆ.

ನಿನ್ನ ಒಲೆ ಆರದಿರಲಿ, ಕಡಾಯಿ ಬರಿದಾಗದಿರಲಿ.

ನಿನ್ನ ಅಣ್ಣ
ಬೆಯ್ಶೆನ್

ಮರೆತಿದ್ದೆ: ಕಳಿಸುವುದಾದರೆ ಹೊತ್ತು ಮುಳುಗುವ ಮೊದಲೇ ಈ ಕಾಗದ ತಂದ ಡ್ರೈವರ್ ಕೈಗೆ ಕೊಡು. ದೀಪ ಹಚ್ಚಿದ ಮೇಲೆ ಹಾಲು, ಹೆಪ್ಪು ಮನೆಯಿಂದ ಹೊರಗೆ ಹೋಗಬಾರದು, ಮನೆಯ ಭಾಗ್ಯವೂ ಜೊತೆಗೆ ಹೋಗುತ್ತದೆ ಎಂದು ಅವ್ವ ಹೇಳುತ್ತಿದ್ದಳಲ್ಲ. ನನ್ನಿಂದ ನಿನ್ನ ಮನೆಗೆ ಆ ಕೆಡುಕೂ ಆಗುವುದು ಬೇಡ.

*

ಕೊಚ್ಕೋರ್
೨೩ ಜನವರಿ ೨೦೧೨

ಪ್ರೀತಿಯ ಕಾಲಿಚಾ,

ನಿನ್ನ ಮನೆಯವರಿಗೆಲ್ಲ, ಕೊಟ್ಟಿಗೆಯ ಮರಿಗಳನ್ನೂ ಸೇರಿಸಿ ನನ್ನ ಸಲಾಂ. ನಿನ್ನ ಜಾಡಿ ಡಿಸೆಂಬರ್ ಹನ್ನೊಂದಕ್ಕೇ ಬಂತು. ಆಗಲೇ ಬರೆಯಬೇಕಿತ್ತು. ಆದರೆ ಗೆದ್ದಮೇಲೇ ಬರೆಯೋಣ ಎಂದು ಹಟ ಹಿಡಿದು ಕೂತೆ. ತಪ್ಪಾಯಿತು.

ಗೆದ್ದೆ, ಕಾಲಿಚಾ! ನಿನ್ನೆ ಗೆದ್ದೆ. ಉಮ್ಸುನಾಯ್ ಬೆಳಿಗ್ಗೆಯಿಂದ "ಸಾಕು ಮಾಡ್ರೀ, ಊರಿಗೆಲ್ಲ ನಾಲ್ಕು ಸಲ ಹೇಳಾಯ್ತು" ಎನ್ನುತ್ತಿದ್ದಾಳೆ. ಹಾಗಾಗಿ ಐದನೆಯ ಸಲ ನಿನಗೆ ಹೇಳುತ್ತೇನೆ.

ಮೊದಲು ಜಾಡಿಯ ವಿಷಯ. ನಿನ್ನ ಹಳೆಯ ಶಾಲಿನಲ್ಲಿ ಸುತ್ತಿ, ಬಾಯಿಗೆ ಕೆಂಪು ಬಟ್ಟೆ ಕಟ್ಟಿ ಕಳಿಸಿದ್ದೆ. ಒಳಗೊಂದು ಚೀಟಿ ಇರಬಹುದು ಎಂದು ಶಾಲನ್ನು ಕೊಡವಿ ಕೊಡವಿ ನೋಡಿದೆ. ಏನೂ ಇರಲಿಲ್ಲ. ಡ್ರೈವರನ್ನು ಕೇಳಿದೆ, "ನನ್ನ ತಂಗಿ ಏನಾದರೂ ಹೇಳಿದಳಾ?" ಅವನಂದ: "ಹೇಳ್ಲಿಲ್ಲ ಅಜ್ಜ. ಆದ್ರೆ ಬಲೇ ಹಟದೋರು ನೋಡಿ. ನಾನು ಮಧ್ಯಾಹ್ನವೇ ಹೋಗಿದ್ದೆ, ಜಾಡಿ ಕಟ್ಟಿ ಹೊಸ್ತಿಲ ಮೇಲೆ ಇಟ್ಟಿದ್ರು. ಆದ್ರೂ 'ಈಗ ಕೊಡಲ್ಲ, ದೀಪ ಹಚ್ಚಿದ ಮೇಲೆ ಬಾ' ಅಂದ್ರು. ಸಂಜೆ ಹೋದೆ. ದೀಪ ಹಚ್ಚಿ, ಎರಡೂ ಕೈಯಲ್ಲಿ ಎತ್ತಿ ಕೊಟ್ರು."

ನಾನು ಆ ಜಾಡಿ ಹಿಡಿದುಕೊಂಡು ಬೀದಿಯಲ್ಲೇ ನಿಂತೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನನ್ನ ಜಂಬ ಮುಗಿಯಲಿ.

ಹೆಪ್ಪಿಗೆ ಮೂರು ದಿನ ಬೆಚ್ಚಗಿನ ನುಚ್ಚಿನ ಅಂಬಲಿ ತಿನ್ನಿಸಿದೆ. ಮಗುವಿಗೆ ಉಣಿಸಿದ ಹಾಗೆ. ನಾಲ್ಕನೆಯ ದಿನ ಬಾನಿಯಲ್ಲಿ ಬೆರೆಸಿ, ಅಪ್ಪನ ಹಳೆಯ ಕುರಿಚರ್ಮದ ಕೋಟು ಹೊದಿಸಿದೆ. ಮರುದಿನ ಕಿವಿಯಿಟ್ಟು ಕೇಳಿದರೆ ಒಳಗೆ ಗೊಣಗುತ್ತಿತ್ತು, ಥೇಟ್ ಅವ್ವ ತನ್ನಷ್ಟಕ್ಕೆ ತಾನು ಮಾತಾಡಿಕೊಳ್ಳುತ್ತಿದ್ದ ಹಾಗೆ. ಉಮ್ಸುನಾಯ್‌ಳನ್ನು ಕರೆದೆ. ಮೂಗು ಮುಚ್ಚಿಕೊಂಡೇ ಬಂದಳು. ಈ ಮನೆಗೆ ಬಂದಾಗಿನಿಂದ ಈ ವಾಸನೆ ಬೇಡ ಎನ್ನುತ್ತಿದ್ದವಳು, ಅವಳೂ ಕಿವಿಯಿಟ್ಟಳು. ಮೂಗಿನಿಂದ ಕೈ ತೆಗೆದು, "ಅತ್ತೆ ಬಂದ್ರು" ಎಂದಳು. ಅವಳು ಶಾಲೆಯಲ್ಲಿ ಗಣಿತ ಹೇಳಿಕೊಟ್ಟವಳು, ಇಂಥ ಮಾತು ಆಡುವವಳಲ್ಲ.

ಎರಡು ಸಲ ಅಭ್ಯಾಸಕ್ಕೆ ಮಾಡಿದೆ. ಒಂದು ಹೆಚ್ಚು ಹುಳಿಯಾಯಿತು, ಒಂದು ನೀರಾಯಿತು. ಪುಸ್ತಕದಲ್ಲಿ ಬರೆದುಕೊಂಡ ಡಿಗ್ರಿಗಳೆಲ್ಲ ಸರಿಯೇ ಇದ್ದವು, ರುಚಿ ಮಾತ್ರ ತಪ್ಪಿತ್ತು. ಮೂರನೆಯ ಸಲ ಥರ್ಮಾಮೀಟರನ್ನು ಪಕ್ಕಕ್ಕಿಟ್ಟು ತೋಳು ಮಡಿಸಿ ಮೊಣಕೈ ಅದ್ದಿದೆ. ಗೊತ್ತಾಯಿತು, ಕಾಲಿಚಾ. ನಿಜಕ್ಕೂ ಗೊತ್ತಾಗುತ್ತದೆ.

ನಿನ್ನೆ ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಬಂದರು. ಶೆರ್ಗಾಜಿ ಬಾಗಿಲಲ್ಲೇ, "ಸೊಸೆಗೆ ಈ ಸಲಾನಾದ್ರೂ ಕೈ ಕೂಡಿ ಬಂತೋ, ಇಲ್ಲಾ ತವರಿಗೆ ವಾಪಸ್ ಕಳಿಸೋದೋ?" ಎಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಆ ಮಾತು ಅವನಿಗೆ ತಮಾಷೆ, ನನಗೆ ಎಲ್ಲಿ ಚುಚ್ಚಿತು ಎಂದು ನಿನಗೆ ಗೊತ್ತು.

ಮುಕಾಯ್ ತಾತನಿಗೆ ಅವ್ವನ ಹಳೆಯ ಮರದ ಬಟ್ಟಲಿನಲ್ಲೇ ಕೊಟ್ಟೆ. ಒಂದು ಗುಟುಕು ಕುಡಿದರು, ಬಾಯಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚಿದರು. ನುಂಗಿದರು. ಇನ್ನೊಂದು ಗುಟುಕು. ನಾನು, ಬ್ರೇಕ್ ಹಿಡಿಯದ ಗಾಡಿಯಲ್ಲಿ ಕೂತವನ ಹಾಗೆ, ಬಾನಿಯ ಅಂಚು ಹಿಡಿದು ಕೂತೆ. ಬಟ್ಟಲು ಪೂರ್ತಿ ಖಾಲಿ ಮಾಡಿ, ತಿರುಗಿಸಿ ನೋಡಿ, ಟೋಪಿ ತೆಗೆದು ಮಂಡಿಯ ಮೇಲಿಟ್ಟರು. ಎಂಬತ್ತೊಂದು ವರ್ಷದ ಆ ಮುದುಕ ಟೋಪಿ ತೆಗೆದದ್ದನ್ನು ನಾನು ನೋಡಿಯೇ ಇರಲಿಲ್ಲ.

"ಬಾತ್ಮಾ ಮನೇಲೇ ಇದ್ದಾಳೆ ಕಣ್ರಪ್ಪಾ," ಅಂದರು. "ಕೂತ್ಕೊಳ್ಳಿ, ಎಲ್ಲ ಸರಿಯಾಗಿ ಕೂತ್ಕೊಳ್ಳಿ. ಕಾಲು ಚಾಚಬೇಡಿ."

ಶೆರ್ಗಾಜಿ ಮೂರು ಬಟ್ಟಲು ಕುಡಿದು ತಪ್ಪು ಹುಡುಕಿದ. ಸಿಗಲಿಲ್ಲ. "ಬಟ್ಲು ಚಿಕ್ಕದು" ಎಂದ. ಜೋರೊ ಕೂತು ತೀರ್ಪು ಕೊಟ್ಟಿತು: ನಮ್ಮ ಮನೆಯ ಸರದಿ ನಮ್ಮದೇ, ಮತ್ತು ನನ್ನನ್ನು ಸೊಸೆ ಎಂದು ಕರೆದ ತಪ್ಪಿಗೆ ಶೆರ್ಗಾಜಿ ನಮ್ಮ ಒಲೆಗೆ ಒಂದು ಗಾಡಿ ಒಣಸೌದೆ ತಂದು ಹಾಕಬೇಕು. ಅವನು, "ಹಾಕ್ತೀನಿ, ಆದ್ರೆ ಈ ಸೊಸೆನ ನಾನು ಬಿಟ್ಕೊಡಲ್ಲ" ಎಂದು ನನ್ನನ್ನು ತಬ್ಬಿಕೊಂಡ. ನನಗೆ ಅಳು ಬಂತು, ಹೊಗೆ ಎಂದು ಹೇಳಿದೆ. ಮೂವತ್ತು ವರ್ಷದ ಚಾಕರಿಯಲ್ಲಿ ನನಗೆ ಎರಡು ಪದಕ ಸಿಕ್ಕಿವೆ. ಎರಡನ್ನೂ ಸೇರಿಸಿದರೂ ನಿನ್ನೆಯ ಆ ಖಾಲಿ ಬಟ್ಟಲಿಗೆ ಸಮವಲ್ಲ. ಅವ್ವನ ಮಗ ಎಂದು ಐವತ್ತೆಂಟನೆಯ ವಯಸ್ಸಿನಲ್ಲಿ ಊರು ಒಪ್ಪಿತು.

ಆದರೆ ಸುಳ್ಳಿನ ಮೇಲೆ ಹೆಸರು ಬೇಡ ಅನ್ನಿಸಿತು. ಎದ್ದು ನಿಂತು ಹೇಳಿದೆ: "ಕೈ ನನ್ನದು, ಹೆಪ್ಪು ನನ್ನದಲ್ಲ. ಅವ್ವನದನ್ನು ನಾನು ಸೋಪು ಹಾಕಿ ಕೊಂದೆ. ಇದನ್ನು ಮೂವತ್ತೆರಡು ವರ್ಷ ಕಾಪಾಡಿದವಳು ನನ್ನ ತಂಗಿ ಕಾಲಿಚಾ, ಅಟ್-ಬಾಶಿಯಲ್ಲಿ."

ಮುಕಾಯ್ ತಾತ, "ಹಂಗಾದ್ರೆ ಬಾತ್ಮಾ ಮನೆ ಇಷ್ಟು ದಿನ ಅಟ್-ಬಾಶಿಲಿತ್ತು ಅನ್ನು" ಎಂದರು. ನಿನ್ನ ಹೆಸರು ಹೇಳಿ ಎರಡೂ ಅಂಗೈ ಎತ್ತಿ ಹರಸಿದರು. ಹನ್ನೆರಡು ಮನೆಯ ಗಂಡಸರೂ ಅಂಗೈಯಿಂದ ಮುಖ ಸವರಿಕೊಂಡರು. ನೀನು ಅಲ್ಲಿರಬೇಕಿತ್ತು. ಒಳಬಾಗಿಲಲ್ಲಿ ಅಲ್ಲ, ಮೇಲುಗಡೆ ಹಿರಿಯರ ಸಾಲಿನಲ್ಲಿ, ಮುಕಾಯ್ ತಾತನ ಪಕ್ಕದಲ್ಲಿ.

ಆಮೇಲೆ ಓರ್ಮೋನ್ ಕೇಳಿದ, "ಅಷ್ಟು ಹತ್ರ ಇದ್ಕೊಂಡು ಆ ಹುಡ್ಗಿ ತವರಿಗೆ ಯಾಕೆ ಬರಲ್ಲಪ್ಪಾ?" ನನ್ನ ಬಾಯಿಗೆ ಬಂದ ಮಾತು: "ದಾರಿ ಕಷ್ಟ. ಘಾಟಿ ಮುಚ್ಚುತ್ತಲ್ಲ." ಮುಕಾಯ್ ತಾತ ನಕ್ಕುಬಿಟ್ಟರು. "ಮೂವತ್ತು ವರ್ಷ ಅದೇ ಘಾಟಿ ತೆರೆದಿಟ್ಟೋನು ನೀನೇ ಅಲ್ವೇನಯ್ಯಾ?"

ಎಲ್ಲರೂ ನಕ್ಕರು. ನಾನು ಬಟ್ಟಲು ತುಂಬಿಸುವ ನೆಪದಲ್ಲಿ ಒಳಗೆ ಬಂದೆ.

ಇವತ್ತು ಬೆಳಿಗ್ಗೆಯಿಂದ ಅವ್ವ ನಿನಗೆ ಜಾಡಿ ಕೊಟ್ಟ ಗಳಿಗೆಯೇ ಕಣ್ಣ ಮುಂದಿದೆ. ಅಟ್-ಬಾಶಿಯವರು ಮದುವೆಗೆಂದು ನಿನ್ನನ್ನು ಬಲವಂತವಾಗಿ ಎತ್ತಿಕೊಂಡು ಹೋದ ಮೂರನೆಯ ದಿನ ನೀನು ತಪ್ಪಿಸಿಕೊಂಡು, ಹಾಲಿನ ಲಾರಿ ಹತ್ತಿ, ಒಂದೇ ಕಾಲಿನ ಬೂಟಿನಲ್ಲಿ ಮನೆಗೆ ಬಂದೆ. ಅವ್ವ, "ಇವತ್ತೊಂದು ರಾತ್ರಿ ಇರ್ಲಿ ಮಗಾ, ನಾಳೆ ಯೋಚ್ನೆ ಮಾಡೋಣ" ಎಂದಳು. ಅಪ್ಪನಿಲ್ಲದ ಮನೆಗೆ ನಾನು ಯಜಮಾನ, ಇಪ್ಪತ್ತಾರು ವರ್ಷದ ಯಜಮಾನ. "ಒಂದು ರಾತ್ರಿ ಕಳೆದರೆ ಊರಿಗೆ ಬಾಯಿ ಬರುತ್ತೆ. ವಾಪಸ್ ಬಂದ ಹುಡುಗಿ ಇರುವ ಮನೆಗೆ ಯಾರು ಬರುತ್ತಾರೆ?" ಎಂದೆ. ನಿನ್ನ ನರ್ಸಿಂಗ್ ಪುಸ್ತಕಗಳು ಇನ್ನೂ ಕಿಟಕಿಯ ಮೇಲಿದ್ದವು. ನಿನ್ನನ್ನು ಅಲ್ಲಿಗೇ ಮರಳಿ ಬಿಡಲು ಗಾಡಿ ಹೊರಡಿಸಿದೆ. ಆಗ ಅವ್ವ ದೀಪ ಹಚ್ಚಿದಳು. ಹಚ್ಚಿದ ಮೇಲೆ, ಹೌದು, ಹಚ್ಚಿದ ಮೇಲೇ, ಜಾಡಿ ತಂದು ನಿನ್ನ ಮಡಿಲಿಗಿಟ್ಟಳು. ನಾನು ಕೂಗಾಡಿದೆ, "ಈ ಹೊತ್ತಲ್ಲಿ ಹೆಪ್ಪು ಕೊಡ್ತೀಯಲ್ಲ, ಮನೆ ಭಾಗ್ಯ ಹೋಗುತ್ತೆ!" ಅವ್ವ ನನ್ನ ಕಡೆ ನೋಡಲಿಲ್ಲ. "ಹೋಗ್ಲಿ," ಎಂದಳು. "ಅವಳ ಜೊತೆಗೇ ಹೋಗ್ಲಿ."

ಈಗ ನೀನು ದೀಪ ಹಚ್ಚುವವರೆಗೂ ಕಾದು ಅದೇ ಹೆಪ್ಪನ್ನು ನನಗೆ ಕೊಟ್ಟಿದ್ದೀಯ. ಅದನ್ನು ಹೇಗೆ ತೆಗೆದುಕೊಳ್ಳಬೇಕೋ ನನಗೆ ತಿಳಿಯುತ್ತಿಲ್ಲ, ತಂಗೀ. ನಾನು ಅದಕ್ಕೆ ಯೋಗ್ಯನಲ್ಲ ಎಂಬುದಷ್ಟೇ ತಿಳಿಯುತ್ತಿದೆ.

ಒಂದು ಜಾಡಿ ನಿನ್ನ ಪಾಲಿನ ಬೋಜೊ ಇದೇ ಡ್ರೈವರ್ ಕೈಲಿ ಕಳಿಸುತ್ತಿದ್ದೇನೆ. ಕುಡಿದು ನೋಡಿ, ಹುಳಿ ಹೆಚ್ಚಾಗಿದ್ದರೆ ಮುಲಾಜಿಲ್ಲದೆ ಬೈದು ಬರಿ. ಬೈಯುವುದಕ್ಕಾದರೂ ಬರಿ. ನಿನ್ನ ಮನೆಯಿಂದ ಹೊರಟ ಭಾಗ್ಯ ಎರಡರಷ್ಟಾಗಿ ನಿನ್ನ ಹೊಸ್ತಿಲಿಗೇ ಮರಳಲಿ. ನಿನ್ನ ಮೊಮ್ಮಕ್ಕಳು ನಿನಗಿಂತ ಗಟ್ಟಿಯಾಗಿ ಮಾತಾಡುವವರಾಗಲಿ.

ನಿನ್ನ ಅಣ್ಣ
ಬೆಯ್ಶೆನ್

ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಆವತ್ತು ಘಾಟಿಯ ನೆತ್ತಿಯ ಮೇಲೆ ನೀನು ಜಾಡಿಯನ್ನು ಅಪ್ಪಿಕೊಂಡು, "ಬಾಯ್ಕೆ, ಗಾಡಿ ತಿರುಗಿಸು, ನಾನು ಕೊಟ್ಟಿಗೆಯಲ್ಲಿ ಇರ್ತೀನಿ, ಯಾರ ಕಣ್ಣಿಗೂ ಬೀಳಲ್ಲ" ಎಂದೆ. ನಾನು ಕನ್ನಡಿ ನೋಡಿ, "ಹಿಂದೆ ಹಿಮ ಕುಸಿದು ದಾರಿ ಮುಚ್ಚಿದೆ, ಇನ್ನು ತಿರುಗಿಸೋಕಾಗಲ್ಲ" ಎಂದೆ. ನೀನು ನಂಬಿದೆ. ನಾನು ಅಟ್-ಬಾಶಿಯವರೆಗೂ ಗಾಡಿ ನಿಲ್ಲಿಸಲಿಲ್ಲ. ನಿನ್ನ ಯಜಮಾನರು ಕೆಟ್ಟವರಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಪ್ರತಿ ಚಳಿಗಾಲ ಅದೇ ನೆತ್ತಿಯಲ್ಲಿ ಗಾಡಿ ನಿಲ್ಲಿಸಿ, ಯಾರ್ಯಾರಿಗೋ ದಾರಿ ಬಿಡಿಸುವಾಗ, ನಿನಗೆ ಹೇಳಬೇಕು ಅಂದುಕೊಂಡೆ. ಆವತ್ತು ಹಿಮ ಕುಸಿದಿರಲಿಲ್ಲ, ಕಾಲಿಚಾ. ದಾರಿ ಮನೆಯವರೆಗೂ ತೆರೆದೇ ಇತ್ತು.